ಜೀವತಂತುವಿನ ಬೆಸುಗೆ

ರಾಗಿಯನ್ನು ಬಿತ್ತಿದರೆ ರಾಗಿಯೇ ಬೆಳೆಯುತ್ತದೆ. ಭತ್ತವನ್ನು ಬಿತ್ತಿದರೆ ಭತ್ತವೇ ಬೆಳೆಯುತ್ತದೆ. ಹಸುವಿನ ಕರು ಹಸುವನ್ನೇ ಹೋಲುತ್ತದೆ. ಮಗುವಿನ ಕಣ್ಣು ತಾಯಿಯದು, ಮೂಗು ತಂದೆಯದು ಎಂದು ಮನೆಗೆ ಬಂದ ನೆಂಟರು ಹೇಳುವುದುಂಟು. ಈ ಸಂಗತಿ ಎಲ್ಲರಿಗೂ ಎಷ್ಟು ಪರಿಚಿತವೆಂದರೆ, ಇದರಲ್ಲಿ ಆಶ್ಚರ್ಯಪಡುವಂಥದು ಏನಾದರೂ ಉಂಟೆಂದು ಸಾಮಾನ್ಯವಾಗಿ ಯಾರಿಗೂ ತೋಚುವುದಿಲ್ಲ. ಆದರೆ ಪರಿಚಿತವಾದುದನ್ನೇ ಮತ್ತೊಮ್ಮೆ ನೋಡಿ, ‘ಇದು ಹೀಗೇಕೆ?’ ಎಂದು ಕೇಳುವುದು ವಿಜ್ಞಾನಿಯ ಸ್ವಭಾವ. ಒಂದು ಸಣ್ಣ ಕಾಳಿನೊಳಗೆ ಇಡೀ ಗಿಡದ ಬೇರು, ಕಾಂಡ, ಎಲೆ, ತೆನೆಗಳ ವಿವರವೆಲ್ಲ ಅಡಗಿರುವುದಾದರೆ, ಆ ವಿವರ ಬರೆದಿರುವುದು ಯಾವ ಲಿಪಿಯಲ್ಲಿ? ಒಂದು ಪೀಳಿಗೆಯಿಂದ ಮತ್ತೊಂದು ಪೀಳಿಗೆಗೆ ಅದು ತಪ್ಪಿಲ್ಲದೆ ನಕಲಾಗಿ ಹೋಗುವುದು ಹೇಗೆ?

ಈ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಉತ್ತರ ದೊರೆಯಿತು. ಎರಡನೆಯದಕ್ಕೆ ಉತ್ತರ ಹುಡುಕಿದವರು ಅನೇಕರು. ಅವರ ಪೈಕಿ, ಎಲ್ಲರನ್ನೂ ದಾರಿಗಾಣದೆ ನಿಲ್ಲಿಸಿದ್ದ ಒಂದು ಕಗ್ಗಂಟನ್ನು ಬಿಡಿಸಿದ ಕೀರ್ತಿ ಜಪಾನಿನ ದಂಪತಿಗಳಾದ ರೇಜಿ ಒಕಾಜಾಕಿ ಮತ್ತು ತ್ಸುನೆಕೊ ಒಕಾಜಾಕಿ ಅವರಿಗೆ ಸಲ್ಲುತ್ತದೆ.

ಅವರ ಸಾಧನೆಯನ್ನು ತಿಳಿಯಬೇಕಾದರೆ ಮೊದಲು ಆ ಕಗ್ಗಂಟು ಯಾವುದೆಂಬುದನ್ನು ತಿಳಿಯಬೇಕು.

ಪ್ರತಿಯೊಂದು ಜೀವಿಯೂ ಜೀವಕೋಶಗಳಿಂದ ಆಗಿದೆ. ಜೀವಕೋಶದೊಳಗೆ ಡಿ.ಎನ್.ಎ. ಎಂಬ ಅತಿ ಉದ್ದವಾದ, ಅತಿ ತೆಳುವಾದ ಎಳೆಯಿದೆ. ಜೀವಿಯ ಆನುವಂಶಿಕ ಗುಣಗಳೆಲ್ಲ ಅಡಗಿರುವುದು ಈ ಎಳೆಯಲ್ಲಿಯೇ. 1953ರಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಎಂಬ ವಿಜ್ಞಾನಿಗಳು ಇದರ ರಚನೆಯನ್ನು ವಿವರಿಸಿದರು. ಎರಡು ಎಳೆಗಳು ಒಂದರ ಸುತ್ತ ಒಂದು ಸುತ್ತಿಕೊಂಡು ಹಗ್ಗದ ಏಣಿಯನ್ನು ತಿರುಚಿದಂತೆ ಕಾಣುತ್ತವೆ. ಏಣಿಯ ಮೆಟ್ಟಿಲುಗಳಾಗಿ ನಾಲ್ಕು ಬಗೆಯ ಪದಾರ್ಥಗಳಿವೆ: ಅಡಿನೀನ್, ಥೈಮೀನ್, ಗ್ವಾನೀನ್, ಸೈಟೋಸೀನ್. ಇವುಗಳ ಜೊತೆಗೂಡುವಿಕೆಗೆ ಕಟ್ಟುನಿಟ್ಟಾದ ನಿಯಮವುಂಟು. ಅಡಿನೀನ್ ಎದುರಿಗೆ ಥೈಮೀನ್ ಮಾತ್ರ ನಿಲ್ಲುತ್ತದೆ. ಗ್ವಾನೀನ್ ಎದುರಿಗೆ ಸೈಟೋಸೀನ್ ಮಾತ್ರ. ಆದುದರಿಂದ ಒಂದು ಎಳೆಯನ್ನು ಬಲ್ಲವನು ಇನ್ನೊಂದನ್ನು ನೋಡದೆಯೇ ಬರೆಯಬಹುದು. ಎರಡು ಎಳೆಗಳು ಬೇರ್ಪಟ್ಟು, ಪ್ರತಿಯೊಂದೂ ತನಗೆ ತಕ್ಕ ಹೊಸ ಜೊತೆಯನ್ನು ಕಟ್ಟಿಕೊಂಡರೆ, ಒಂದು ಡಿ.ಎನ್.ಎ. ಇದ್ದಲ್ಲಿ ಎರಡು ಆಗುತ್ತವೆ. 1958ರಲ್ಲಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್ ಅವರು ನಡೆಸಿದ ಪ್ರಯೋಗವು ಹೀಗೆಯೇ ಆಗುತ್ತದೆಂಬುದನ್ನು ಸಿದ್ಧಪಡಿಸಿತು. ಹೊಸ ಡಿ.ಎನ್.ಎ.ಯಲ್ಲಿ ಒಂದು ಎಳೆ ಹಳೆಯದು, ಒಂದು ಎಳೆ ಹೊಸದು.

ಇಲ್ಲಿಯವರೆಗೆ ಎಲ್ಲವೂ ಸರಳವಾಗಿ ತೋರುತ್ತದೆ. ತೊಡಕು ಹುಟ್ಟಿದ್ದು ಮುಂದಿನ ಹೆಜ್ಜೆಯಲ್ಲಿ.

ಡಿ.ಎನ್.ಎ.ಯ ಎಳೆಗೆ ಎರಡು ತುದಿಗಳಿವೆ. ಅವು ಒಂದೇ ಬಗೆಯವಲ್ಲ. ರಸಾಯನ ವಿಜ್ಞಾನಿಗಳು ಒಂದನ್ನು 5ನೆಯ ತುದಿಯೆಂದೂ ಇನ್ನೊಂದನ್ನು 3ನೆಯ ತುದಿಯೆಂದೂ ಗುರುತಿಸುತ್ತಾರೆ. ಜೊತೆಯಾಗಿರುವ ಎರಡು ಎಳೆಗಳು ಒಂದಕ್ಕೊಂದು ತಲೆಕೆಳಗಾಗಿ ನಿಂತಿವೆ. ಒಂದರ 5ನೆಯ ತುದಿಯಿರುವಲ್ಲಿ ಇನ್ನೊಂದರ 3ನೆಯ ತುದಿಯಿರುತ್ತದೆ. ಅಮೆರಿಕದ ವಿಜ್ಞಾನಿ ಆರ್ಥರ್ ಕೋರ್ನ್‌ಬರ್ಗ್ ಅವರು 1956ರಲ್ಲಿ ಹೊಸ ಎಳೆಯನ್ನು ಕಟ್ಟುವ ಕಿಣ್ವವನ್ನು ಬ್ಯಾಕ್ಟೀರಿಯಾದಲ್ಲಿ ಕಂಡುಹಿಡಿದರು. ಅದಕ್ಕೆ ಡಿ.ಎನ್.ಎ. ಪಾಲಿಮರೇಸ್ ಎಂದು ಹೆಸರು. ಈ ಕಿಣ್ವ ಎಷ್ಟು ನಿಪುಣವೋ ಅಷ್ಟೇ ಹಟಮಾರಿ. ಅದು ಎಳೆಯನ್ನು ಬೆಳೆಸುವುದು ಒಂದೇ ದಿಕ್ಕಿನಲ್ಲಿ, 5ನೆಯ ತುದಿಯಿಂದ 3ನೆಯ ತುದಿಯ ಕಡೆಗೆ. ಹಿಮ್ಮುಖವಾಗಿ ಒಂದು ಹೆಜ್ಜೆಯನ್ನೂ ಕಟ್ಟಲಾರದು.

ಇತ್ತ 1963ರಲ್ಲಿ ಜಾನ್ ಕೇರ್ನ್ಸ್ ಎಂಬ ವಿಜ್ಞಾನಿ ನಕಲಾಗುತ್ತಿರುವ ಬ್ಯಾಕ್ಟೀರಿಯಾದ ಡಿ.ಎನ್.ಎ.ಯ ಚಿತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಹಳೆಯ ಜೋಡಿ ಎಳೆ ಕವೆಗೋಲಿನಂತೆ ಸೀಳಿಕೊಂಡಿತ್ತು. ಸೀಳುವಿಕೆ ಮುಂದೆ ಸಾಗಿದಂತೆ ಎರಡು ಕವಲುಗಳಲ್ಲಿಯೂ ಹೊಸ ಎಳೆಗಳು ಒಟ್ಟೊಟ್ಟಿಗೆ ಬೆಳೆಯುತ್ತಿರುವಂತೆ ಕಂಡಿತು. ಆದರೆ ಹಳೆಯ ಎಳೆಗಳು ವಿರುದ್ಧ ದಿಕ್ಕಿನವು. ಒಂದು ಕವಲಿನಲ್ಲಿ ಕಿಣ್ವವು ತನಗೆ ಒಗ್ಗಿದ ದಿಕ್ಕಿನಲ್ಲಿ ಹಾಯಾಗಿ ನಡೆಯಬಹುದು. ಇನ್ನೊಂದು ಕವಲಿನಲ್ಲಿ ಅದು ಹಿಮ್ಮುಖವಾಗಿ ನಡೆಯಬೇಕಾಗುತ್ತದೆ. ಅದು ಅಸಾಧ್ಯ. ಹಿಮ್ಮುಖವಾಗಿ ಕಟ್ಟಬಲ್ಲ ಮತ್ತೊಂದು ಕಿಣ್ವ ಇರಬಹುದೆಂದು ಕೆಲವರು ಊಹಿಸಿದರು, ಹುಡುಕಿದರು. ಅಂತಹ ಕಿಣ್ವ ದೊರೆಯಲಿಲ್ಲ. ಚಿತ್ರ ಸುಳ್ಳಲ್ಲ, ಕಿಣ್ವದ ಗುಣವೂ ಸುಳ್ಳಲ್ಲ. ಆದರೆ ಎರಡೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಇದೇ ಆ ಕಗ್ಗಂಟು.

ಇದನ್ನು ಬಿಡಿಸಲು ಹೊರಟ ರೇಜಿ ಒಕಾಜಾಕಿ ಅವರು ಹುಟ್ಟಿದ್ದು 1930ರ ಅಕ್ಟೋಬರ್ 8ರಂದು, ಹಿರೋಷಿಮಾ ನಗರದಲ್ಲಿ. ಅವರ ಬಾಲ್ಯ ಕಳೆದದ್ದು ಯುದ್ಧಕಾಲದ ಜಪಾನಿನಲ್ಲಿ. 1945ರ ಆಗಸ್ಟ್ 6ರಂದು ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಆ ನಗರದ ಮೇಲೆ ಪರಮಾಣು ಬಾಂಬು ಬಿದ್ದಿತು. ಮನುಷ್ಯರ ಮೇಲೆ ಪ್ರಯೋಗಿಸಲಾದ ಮೊತ್ತಮೊದಲ ಪರಮಾಣು ಬಾಂಬು ಅದು. ಆ ವರ್ಷದ ಕೊನೆಯ ವೇಳೆಗೆ ಸುಮಾರು 1,40,000 ಜನ ಸತ್ತರೆಂದು ಅಂದಾಜು. ಬದುಕಿ ಉಳಿದವರಲ್ಲಿ 14 ವರ್ಷದ ಬಾಲಕ ರೇಜಿಯೂ ಒಬ್ಬ. ಹೊರನೋಟಕ್ಕೆ ಆತ ಪಾರಾಗಿದ್ದ. ಆದರೆ ಬಾಂಬಿನ ವಿಕಿರಣ ಆತನ ದೇಹವನ್ನು ಹೊಕ್ಕಿತ್ತು. ವಿಕಿರಣವು ಕಣ್ಣಿಗೆ ಕಾಣದ್ದು. ಅದರ ಫಲ ಕೆಲವೊಮ್ಮೆ ಎಷ್ಟೋ ವರ್ಷಗಳ ಅನಂತರ ಕಾಣಿಸಿಕೊಳ್ಳುತ್ತದೆ.

ಯುದ್ಧ ಮುಗಿದ ಮೇಲೆ ರೇಜಿಯವರು ನಗೋಯಾ ವಿಶ್ವವಿದ್ಯಾನಿಲಯವನ್ನು ಸೇರಿ ಜೀವವಿಜ್ಞಾನವನ್ನು ವ್ಯಾಸಂಗ ಮಾಡಿದರು. 1953ರಲ್ಲಿ ಪದವೀಧರರಾಗಿ ಅಲ್ಲಿಯೇ ಸಂಶೋಧನೆಗೆ ತೊಡಗಿದರು. ಅದೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ ತ್ಸುನೆಕೊ ಹಾರಾ. ಆಕೆ 1933ರಲ್ಲಿ ಹುಟ್ಟಿದವರು. 1956ರಲ್ಲಿ ಇಬ್ಬರೂ ವಿವಾಹವಾದರು. ಅಂದಿನಿಂದ ಅವರ ಸಂಸಾರವೂ ಸಂಶೋಧನೆಯೂ ಒಟ್ಟೊಟ್ಟಿಗೆ ಸಾಗಿದವು. ಯುದ್ಧದಿಂದ ಜರ್ಜರಿತವಾಗಿದ್ದ ಜಪಾನಿನಲ್ಲಿ ಪ್ರಯೋಗಾಲಯಗಳಿಗೆ ಹಣವೂ ಸಾಲದು, ಉಪಕರಣಗಳೂ ಸಾಲವು. ಅಂತಹ ಪರಿಸ್ಥಿತಿಯಲ್ಲಿಯೂ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಅವರು ನಡೆಸಿದ ಸೂಕ್ಷ್ಮವಾದ ರಾಸಾಯನಿಕ ಸಂಶೋಧನೆ ಅಮೆರಿಕದ ವಿಜ್ಞಾನಿಗಳ ಗಮನವನ್ನು ಸೆಳೆಯಿತು. 1960ರಲ್ಲಿ ದಂಪತಿಗಳು ಅಮೆರಿಕಕ್ಕೆ ಹೋದರು. ಮೊದಲು ಸೇಂಟ್ ಲೂಯಿಸ್ ನಗರದಲ್ಲಿ, ಬಳಿಕ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸ್ವತಃ ಕೋರ್ನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ದುಡಿದರು. ಕಿಣ್ವಗಳನ್ನು ಶುದ್ಧ ರೂಪದಲ್ಲಿ ಬೇರ್ಪಡಿಸುವ, ಅವುಗಳ ನಡೆನುಡಿಯನ್ನು ಅರಿಯುವ ವಿದ್ಯೆ ಅಲ್ಲಿ ಅವರಿಗೆ ಕರಗತವಾಯಿತು. ಅಲ್ಲಿಯೇ ನೆಲಸದೆ 1963ರಲ್ಲಿ ಅವರು ನಗೋಯಾಕ್ಕೆ ಹಿಂದಿರುಗಿದರು. ಮರಳಿ ಬರುವಾಗ ಅವರು ತಂದುದು ಬೆಲೆಬಾಳುವ ಯಂತ್ರಗಳನ್ನಲ್ಲ. ಒಂದು ಒಳ್ಳೆಯ ಪ್ರಶ್ನೆಯನ್ನು.

ಕಿಣ್ವವು ಒಂದೇ ದಿಕ್ಕಿನಲ್ಲಿ ಕಟ್ಟುತ್ತದೆಂಬುದನ್ನು ನಂಬಿಕೊಂಡೇ ಎರಡು ಎಳೆಗಳೂ ಬೆಳೆಯುವ ಬಗೆಯನ್ನು ವಿವರಿಸಲು ಸಾಧ್ಯವೆ? ಒಕಾಜಾಕಿ ದಂಪತಿಗಳಿಗೆ ಹೊಳೆದ ಉತ್ತರವನ್ನು ಒಂದು ಉಪಮಾನದಿಂದ ತಿಳಿಯಬಹುದು. ಪಶ್ಚಿಮದಿಂದ ಪೂರ್ವಕ್ಕೆ ಒಂದು ಕಾಲುವೆಯನ್ನು ತೋಡುತ್ತಿದ್ದಾರೆಂದು ಭಾವಿಸೋಣ. ಕಾಲುವೆಯ ಎರಡು ದಡಗಳಿಗೂ ಕಲ್ಲು ಕಟ್ಟಬೇಕು. ಎಡದಡದ ಕಲ್ಲುಕುಟಿಗನಿಗೆ ಪೂರ್ವದ ಕಡೆಗೆ ಕಟ್ಟಿಕೊಂಡು ಹೋಗುವುದು ಅಭ್ಯಾಸ. ತೋಡುವವರ ಬೆನ್ನಹಿಂದೆಯೇ ಆತ ಎಡೆಬಿಡದೆ ಕಟ್ಟುತ್ತ ಸಾಗುತ್ತಾನೆ. ಬಲದಡದ ಕಲ್ಲುಕುಟಿಗನಿಗೆ ಪಶ್ಚಿಮದ ಕಡೆಗೆ ಕಟ್ಟುವುದು ಮಾತ್ರ ಗೊತ್ತು. ಆತನೇನು ಮಾಡಬೇಕು? ಸ್ವಲ್ಪ ದೂರ ಕಾಲುವೆ ತೆರೆದುಕೊಳ್ಳುವವರೆಗೆ ಕಾಯಬೇಕು. ತೆರೆದ ಭಾಗದ ಮುಂತುದಿಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ, ತಾನು ಹಿಂದೆ ಕಟ್ಟಿದ ಗೋಡೆ ಸಿಗುವವರೆಗೆ ಕಟ್ಟಬೇಕು. ಅಷ್ಟರಲ್ಲಿ ಮತ್ತಷ್ಟು ಕಾಲುವೆ ತೆರೆದಿರುತ್ತದೆ. ಮತ್ತೆ ಮುಂದಕ್ಕೆ ಓಡಬೇಕು, ಮತ್ತೆ ಹಿಂದಕ್ಕೆ ಕಟ್ಟಬೇಕು. ಹೀಗೆ ಬಲದಡದ ಗೋಡೆ ತುಂಡುತುಂಡಾಗಿ ಎದ್ದು, ತುಂಡುಗಳ ನಡುವಣ ಸಂದುಗಳಿಗೆ ಗಾರೆ ತುಂಬಿದ ಮೇಲೆ ಒಂದೇ ಗೋಡೆಯಾಗುತ್ತದೆ. ದೂರದಿಂದ ನೋಡುವವರಿಗೆ ಎರಡು ಗೋಡೆಗಳೂ ಒಟ್ಟಿಗೆ ಪೂರ್ವಕ್ಕೆ ಬೆಳೆಯುತ್ತಿರುವಂತೆಯೇ ಕಾಣುತ್ತದೆ.

ಡಿ.ಎನ್.ಎ.ಯ ಒಂದು ಎಳೆಯೂ ಹೀಗೆ ತುಂಡುತುಂಡಾಗಿ ಹುಟ್ಟಿ, ಅನಂತರ ಬೆಸೆದುಕೊಳ್ಳುತ್ತಿರಬಹುದೇ ಎಂಬುದು ಅವರ ಊಹೆ. ಆದರೆ ಊಹೆ ಎಷ್ಟು ಸೊಗಸಾಗಿದ್ದರೂ ವಿಜ್ಞಾನದಲ್ಲಿ ಅದು ಸಾಲದು. ತುಂಡುಗಳನ್ನು ಹಿಡಿದು ತೋರಿಸಬೇಕು. ಅಲ್ಲಿಯೇ ಕಷ್ಟವಿದ್ದದ್ದು. ತುಂಡುಗಳು ಹುಟ್ಟಿದ ಕ್ಷಣಾರ್ಧದಲ್ಲಿ ಬೆಸೆದುಹೋಗುತ್ತಿದ್ದರೆ, ಡಿ.ಎನ್.ಎ.ಯನ್ನು ಹೊರತೆಗೆದು ನೋಡುವ ಹೊತ್ತಿಗೆ ಉದ್ದವಾದ ಎಳೆಯ ಹೊರತು ಬೇರೇನೂ ಉಳಿದಿರುವುದಿಲ್ಲ.

ಇದಕ್ಕೆ ಅವರು ಹೂಡಿದ ಉಪಾಯ ನೇಕಾರರ ಮಗ್ಗವನ್ನು ನೆನಪಿಗೆ ತರುತ್ತದೆ. ಬಿಳಿಯ ಬಟ್ಟೆಯನ್ನು ನೇಯುತ್ತಿರುವ ಮಗ್ಗಕ್ಕೆ ಕೆಲವು ಕ್ಷಣ ಮಾತ್ರ ಕೆಂಪು ನೂಲನ್ನು ಕೊಟ್ಟು, ಕೂಡಲೆ ಮಗ್ಗವನ್ನು ನಿಲ್ಲಿಸಿದರೆ, ಆ ಕ್ಷಣಗಳಲ್ಲಿ ನೇಯ್ದ ಭಾಗ ಯಾವುದೆಂದು ಕೆಂಪು ಬಣ್ಣವೇ ಹೇಳುತ್ತದೆ. ಒಕಾಜಾಕಿ ದಂಪತಿಗಳು ಮನುಷ್ಯನ ಕರುಳಿನಲ್ಲಿ ವಾಸಿಸುವ ಎಶ್ಚರೀಶಿಯ ಕೋಲಿ ಎಂಬ ಬ್ಯಾಕ್ಟೀರಿಯಾವನ್ನು ಆರಿಸಿಕೊಂಡರು. ಅದಕ್ಕೆ ಹಿತವಾದ ಉಷ್ಣತೆ 37 ಡಿಗ್ರಿ. ಅವರು ಅದನ್ನು 20 ಡಿಗ್ರಿಗೆ ಇಳಿಸಿ ಅದರ ಕೆಲಸವನ್ನು ನಿಧಾನಗೊಳಿಸಿದರು. ಆಮೇಲೆ ಕೆಲವೇ ಸೆಕೆಂಡುಗಳ ಕಾಲ ಅದಕ್ಕೆ ವಿಕಿರಣಶೀಲ ಥೈಮಿಡೀನ್ ಎಂಬ ಪದಾರ್ಥವನ್ನು ಉಣಿಸಿದರು. ಥೈಮಿಡೀನ್ ಡಿ.ಎನ್.ಎ. ಕಟ್ಟಲು ಬೇಕಾದ ಸಾಮಗ್ರಿ. ಅದು ವಿಕಿರಣಶೀಲವಾದುದರಿಂದ ಎಲ್ಲಿ ಸೇರಿಕೊಂಡರೂ ಪತ್ತೆಮಾಡಬಹುದು. ಇದೇ ಕೆಂಪು ನೂಲು. ಕೂಡಲೆ ಬ್ಯಾಕ್ಟೀರಿಯಾಗಳನ್ನು ಮಂಜುಗಡ್ಡೆಯ ಮೇಲೆ ಸುರಿದು ಅವುಗಳ ಚಟುವಟಿಕೆಯನ್ನು ಥಟ್ಟನೆ ನಿಲ್ಲಿಸಿದರು. ಡಿ.ಎನ್.ಎ.ಯನ್ನು ಹೊರತೆಗೆದು, ಕ್ಷಾರದ್ರಾವಣದಲ್ಲಿ ಅದರ ಜೋಡಿ ಎಳೆಗಳನ್ನು ಬಿಡಿಸಿ, ಸಕ್ಕರೆಯ ದ್ರಾವಣದ ಮೇಲಿಟ್ಟು, ಅತಿವೇಗವಾಗಿ ತಿರುಗುವ ಯಂತ್ರದಲ್ಲಿ ಗಂಟೆಗಟ್ಟಲೆ ತಿರುಗಿಸಿದರು. ಉದ್ದವಾದ ಎಳೆಗಳು ಬೇಗ ಕೆಳಗಿಳಿಯುತ್ತವೆ. ಗಿಡ್ಡ ಎಳೆಗಳು ಮೇಲೆಯೇ ಉಳಿಯುತ್ತವೆ.

ಫಲಿತಾಂಶ ಸ್ಪಷ್ಟವಾಗಿತ್ತು. ಆಗತಾನೆ ಹುಟ್ಟಿದ ಡಿ.ಎನ್.ಎ.ಯ ಬಹುಭಾಗ ಗಿಡ್ಡ ತುಂಡುಗಳಾಗಿಯೇ ಇದ್ದಿತು. ಒಂದೊಂದು ತುಂಡಿನ ಉದ್ದ ಸುಮಾರು 1,000ದಿಂದ 2,000 ಘಟಕಗಳು. ಬ್ಯಾಕ್ಟೀರಿಯಾದ ಇಡೀ ಡಿ.ಎನ್.ಎ.ಯಲ್ಲಿರುವ ಸುಮಾರು 46 ಲಕ್ಷ ಜೊತೆ ಘಟಕಗಳ ಎದುರಿಗೆ ಇದು ತೀರ ಅಲ್ಪ. ವಿಕಿರಣಶೀಲ ಪದಾರ್ಥವನ್ನು ಇನ್ನೂ ಸ್ವಲ್ಪ ಹೊತ್ತು ಉಣಿಸಿ ನೋಡಿದಾಗ ಆ ಗುರುತು ಉದ್ದನೆಯ ಎಳೆಗಳಿಗೆ ವರ್ಗವಾಗಿತ್ತು. ಎಂದರೆ, ಮೊದಲು ಗಿಡ್ಡವಾಗಿದ್ದವು ಬಳಿಕ ಬೆಸೆದುಕೊಂಡು ಉದ್ದವಾಗಿದ್ದವು. 1968ರಲ್ಲಿ ದಂಪತಿಗಳು ತಮ್ಮ ಕಿರಿಯ ಸಹೋದ್ಯೋಗಿಗಳಾದ ಸಾಕಾಬೆ, ಸುಗಿಮೊಟೊ, ಸುಗಿನೊ ಅವರೊಡನೆ ಈ ಸಂಶೋಧನೆಯನ್ನು ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ತುಂಡುಗಳಿಗೆ ಜಗತ್ತಿನ ವಿಜ್ಞಾನಿಗಳು ‘ಒಕಾಜಾಕಿ ತುಂಡುಗಳು’ ಎಂದು ಹೆಸರಿಟ್ಟರು. ಇಂದು ಜೀವವಿಜ್ಞಾನದ ಯಾವ ಪಠ್ಯಪುಸ್ತಕವನ್ನು ತೆರೆದರೂ ಆ ಹೆಸರು ಕಾಣುತ್ತದೆ.

ಹೊಸ ಸತ್ಯವನ್ನು ಹೇಳಿದವರು ಸಂಶಯಗಳನ್ನು ಎದುರಿಸಲೇಬೇಕು. ಡಿ.ಎನ್.ಎ. ಅತಿ ನಾಜೂಕಾದ ಎಳೆ. ಹೊರತೆಗೆಯುವಾಗ ಅದು ಮುರಿದು ತುಂಡಾಗಿರಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಒಕಾಜಾಕಿ ದಂಪತಿಗಳು ಇದಕ್ಕೆ ವಾದದಿಂದಲ್ಲ, ಮತ್ತೊಂದು ಪ್ರಯೋಗದಿಂದ ಉತ್ತರ ಹೇಳಿದರು. 1967ರಲ್ಲಿ ಹಲವು ಪ್ರಯೋಗಾಲಯಗಳು ಡಿ.ಎನ್.ಎ.ಯ ತುಂಡುಗಳನ್ನು ಬೆಸೆಯುವ ಲೈಗೇಸ್ ಎಂಬ ಕಿಣ್ವವನ್ನು ಕಂಡುಹಿಡಿದಿದ್ದವು. ಕಾಲುವೆಯ ಉಪಮಾನದಲ್ಲಿ ಇದೇ ಗಾರೆ. ಗಾರೆಯಿಲ್ಲದಿದ್ದರೆ ತುಂಡುಗಳು ಬೆಸೆಯದೆ ರಾಶಿಬೀಳಬೇಕಲ್ಲವೆ? ಟಿ4 ಎಂಬ ವೈರಸ್ಸಿನ ಒಂದು ಬಗೆಯಲ್ಲಿ ಲೈಗೇಸ್ ದೋಷಯುಕ್ತವಾಗಿತ್ತು. ಅದು ಬ್ಯಾಕ್ಟೀರಿಯಾವನ್ನು ಹೊಕ್ಕು ವೃದ್ಧಿಯಾಗುವಾಗ ಪರೀಕ್ಷಿಸಿದರೆ, ಗಿಡ್ಡ ತುಂಡುಗಳು ನಿಜವಾಗಿಯೂ ರಾಶಿಬಿದ್ದಿದ್ದವು.

ಇನ್ನೂ ಒಂದು ಮಾತು ಉಳಿದಿತ್ತು. ಈ ತುಂಡುಗಳು ಬೆಳೆಯುವುದು ಯಾವ ದಿಕ್ಕಿನಲ್ಲಿ? 1969ರಲ್ಲಿ ಪ್ರಕಟವಾದ ಈ ಸಂಶೋಧನೆಯಲ್ಲಿ ತ್ಸುನೆಕೊ ಅವರ ಹೆಸರೇ ಮೊದಲನೆಯದು. ಅತ್ಯಲ್ಪ ಕಾಲ ಮಾತ್ರ ವಿಕಿರಣಶೀಲ ಪದಾರ್ಥವನ್ನು ಉಣಿಸಿದರೆ ತುಂಡಿನ ತೀರ ಹೊಸ ತುದಿಯಲ್ಲಿ ಮಾತ್ರ ಗುರುತು ಬೀಳುತ್ತದೆ. ಆಮೇಲೆ ಕಬ್ಬಿನ ಜಲ್ಲೆಯನ್ನು ಒಂದು ತುದಿಯಿಂದ ತಿನ್ನುತ್ತ ಬರುವಂತೆ, ತುಂಡನ್ನು ಒಂದೊಂದೇ ತುದಿಯಿಂದ ಜೀರ್ಣಿಸುವ ಕಿಣ್ವಗಳಿಗೆ ಅದನ್ನು ಒಡ್ಡಬೇಕು. 3ನೆಯ ತುದಿಯಿಂದ ತಿನ್ನುವ ಕಿಣ್ವಕ್ಕೆ ಗುರುತು ಮೊದಲೇ ಸಿಕ್ಕಿತು. ಎಂದರೆ ಹೊಸ ತುದಿ ಅದೇ. ತುಂಡುಗಳೂ ಪಾಲಿಮರೇಸಿನ ನಿಯಮದಂತೆ 5ರಿಂದ 3ರ ಕಡೆಗೇ ಬೆಳೆಯುತ್ತವೆ. ಹಿಮ್ಮುಖವಾಗಿ ಕಟ್ಟುವ ಕಿಣ್ವವನ್ನು ಹುಡುಕುವ ಅಗತ್ಯವೇ ಉಳಿಯಲಿಲ್ಲ. ಕಿಣ್ವವು ತನ್ನ ಹಟವನ್ನು ಬಿಟ್ಟಿರಲಿಲ್ಲ. ನಿಸರ್ಗವು ಆ ಹಟವನ್ನೇ ಒಪ್ಪಿಕೊಂಡು ಬೇರೊಂದು ದಾರಿಯನ್ನು ಮಾಡಿಕೊಂಡಿತ್ತು.

ಒಂದು ಉತ್ತರ ಮತ್ತೊಂದು ಪ್ರಶ್ನೆಗೆ ಜನ್ಮ ಕೊಡುತ್ತದೆ. ಪಾಲಿಮರೇಸಿಗೆ ಮತ್ತೊಂದು ಮಿತಿಯುಂಟು. ಅದು ಇರುವ ಎಳೆಯನ್ನು ಬೆಳೆಸಬಲ್ಲುದೇ ಹೊರತು ಹೊಸ ಎಳೆಯನ್ನು ತಾನಾಗಿ ಆರಂಭಿಸಲಾರದು. ಹಾಗಾದರೆ ಪ್ರತಿಯೊಂದು ತುಂಡಿಗೂ ಮೊದಲ ಕಲ್ಲನ್ನು ಇಡುವವರಾರು? ಆರ್.ಎನ್.ಎ. ಎಂಬ ಇನ್ನೊಂದು ಪದಾರ್ಥದ ಅತಿ ಗಿಡ್ಡವಾದ ಚೂರೊಂದು ಆರಂಭದ ಆಸರೆಯಾಗಿ ನಿಲ್ಲುತ್ತದೆಂದು ರೇಜಿಯವರ ತಂಡ 1972ರಲ್ಲಿ ತೋರಿಸಿತು. ಡಿ.ಎನ್.ಎ. ಬೆಳೆದ ಮೇಲೆ ಆ ಆಸರೆಯನ್ನು ಕಿತ್ತುಹಾಕಿ, ಖಾಲಿಯಾದ ಸ್ಥಳವನ್ನು ಡಿ.ಎನ್.ಎ.ಯಿಂದಲೇ ತುಂಬಿ, ಕೊನೆಗೆ ಲೈಗೇಸ್ ಬೆಸುಗೆ ಹಾಕುತ್ತದೆ. ಕಮಾನು ಕಟ್ಟುವವರು ಮೊದಲು ಮರದ ಆಸರೆಯನ್ನು ನಿಲ್ಲಿಸಿ, ಕಮಾನು ಗಟ್ಟಿಯಾದ ಮೇಲೆ ತೆಗೆದುಹಾಕುವಂತೆ ಇದು ನಡೆಯುತ್ತದೆ.

ಕೀರ್ತಿ ಬಂದಿತು. 1970ರಲ್ಲಿ ರೇಜಿಯವರಿಗೆ ಜಪಾನಿನ ಪ್ರತಿಷ್ಠಿತವಾದ ಅಸಾಹಿ ಪ್ರಶಸ್ತಿ ದೊರೆಯಿತು. ಮಾಡಬೇಕಾದ ಕೆಲಸ ಮುಂದೆ ಬೇಕಾದಷ್ಟಿತ್ತು. ಆದರೆ ಆ ವೇಳೆಗೆ ಹಿರೋಷಿಮಾದ ಋಣ ತೀರಿರಲಿಲ್ಲವೆಂಬುದು ಗೊತ್ತಾಯಿತು. ರೇಜಿಯವರಿಗೆ ರಕ್ತದ ಕ್ಯಾನ್ಸರ್ ತಗಲಿತು. ವಿಕಿರಣವು ಜೀವಕೋಶಗಳೊಳಗಿನ ಡಿ.ಎನ್.ಎ.ಯನ್ನು ಕಡಿಯುತ್ತದೆ, ಕಡಿದುದನ್ನು ಕೋಶಗಳು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ, ಸರಿಯಾಗದೆ ಉಳಿದ ತಪ್ಪುಗಳು ನಕಲಿನಿಂದ ನಕಲಿಗೆ ಸಾಗಿ ಕೆಲವೊಮ್ಮೆ ಕ್ಯಾನ್ಸರಿಗೆ ಎಡೆಮಾಡುತ್ತವೆ. ಬಾಂಬಿನಿಂದ ಪಾರಾದವರಲ್ಲಿ ಈ ರೋಗ ಹೆಚ್ಚಾಗಿ ಕಂಡುಬಂದಿತು. ರೇಜಿಯವರ ರೋಗಕ್ಕೂ ಅದೇ ಕಾರಣವೆಂದು ಹೇಳಲಾಗುತ್ತದೆ. 1975ರ ಆಗಸ್ಟ್ 1ರಂದು ಅವರು ತೀರಿಕೊಂಡರು. ಆಗ ಅವರ ವಯಸ್ಸು 44. ಬಾಂಬು ಬಿದ್ದು 30 ವರ್ಷ ತುಂಬಲು ಇನ್ನು ಐದು ದಿನಗಳಿದ್ದವು.

ಡಿ.ಎನ್.ಎ. ಹೇಗೆ ಕಟ್ಟಲ್ಪಡುತ್ತದೆಂಬುದನ್ನು ಜಗತ್ತಿಗೆ ತಿಳಿಸಿದವರ ದೇಹದಲ್ಲಿಯೇ ಆ ಕಟ್ಟಡ ಶಿಥಿಲವಾಗಿತ್ತು. ವಿಜ್ಞಾನವು ಮನುಷ್ಯನ ಕೈಯಲ್ಲಿ ಎರಡು ಬಗೆಯಾಗಿ ಬಳಕೆಯಾಗುತ್ತದೆಂಬುದಕ್ಕೆ ಈ ಒಂದು ಜೀವನವೇ ಸಾಕ್ಷಿ. ಹಿರೋಷಿಮಾದಲ್ಲಿ ವಿಕಿರಣವು ಜನರನ್ನು ಕೊಂದಿತು. ನಗೋಯಾದ ಪ್ರಯೋಗಾಲಯದಲ್ಲಿ ಅದೇ ವಿಕಿರಣವು, ಅತ್ಯಲ್ಪ ಪ್ರಮಾಣದಲ್ಲಿ, ಜೀವದ ಗುಟ್ಟನ್ನು ಬೆಳಗುವ ದೀಪವಾಯಿತು. ಆ ದೀಪವನ್ನು ಹಿಡಿದವರು ಆ ಬೆಂಕಿಯಿಂದ ಪಾರಾಗಿ ಬಂದವರೇ ಆಗಿದ್ದರು.

ಪತಿ ತೀರಿಕೊಂಡಾಗ ತ್ಸುನೆಕೊ ಅವರಿಗೆ 42 ವರ್ಷ. ಇಬ್ಬರು ಮಕ್ಕಳ ತಾಯಿ ಅವರು. ಅಂದಿನ ಜಪಾನಿನಲ್ಲಿ ಮದುವೆಯಾಗಿ ಮಕ್ಕಳಾದ ಹೆಂಗಸು ಪ್ರಯೋಗಾಲಯದಲ್ಲಿ ದುಡಿಯುವುದೇ ಅಪರೂಪ. ಅಲ್ಲಿ ತಂಡವೊಂದರ ನಾಯಕಿಯಾಗುವುದು ಇನ್ನೂ ಅಪರೂಪ. ಇಷ್ಟು ವರ್ಷ ಜೊತೆಯಾಗಿ ಎಳೆದ ಬಂಡಿಯನ್ನು ಈಗ ಒಬ್ಬರೇ ಎಳೆಯಬೇಕಾಯಿತು. ಅವರು ನೊಗವನ್ನು ಕೆಳಗಿಡಲಿಲ್ಲ.

ಅಷ್ಟರಲ್ಲಿ ಒಕಾಜಾಕಿ ತುಂಡುಗಳ ಬಗೆಗೆ ಹೊಸದೊಂದು ಸಂಶಯ ಹುಟ್ಟಿಕೊಂಡಿತು. ಜೀವಕೋಶವು ಕೆಲವೊಮ್ಮೆ ಥೈಮೀನ್ ಇರಬೇಕಾದಲ್ಲಿ ಯುರೇಸಿಲ್ ಎಂಬುದನ್ನು ತಪ್ಪಾಗಿ ಸೇರಿಸಿಬಿಡುತ್ತದೆ. ಆಮೇಲೆ ಅದನ್ನು ಕಿತ್ತುಹಾಕುತ್ತದೆ. ಕಿತ್ತ ಸ್ಥಳದಲ್ಲಿ ಎಳೆ ತುಂಡಾಗುತ್ತದೆ. 1977ರ ಸುಮಾರಿಗೆ ಈ ವಿಷಯ ಬೆಳಕಿಗೆ ಬಂದಾಗ, ಒಕಾಜಾಕಿ ದಂಪತಿಗಳು ಕಂಡ ತುಂಡುಗಳೂ ಇಂತಹವೇ ಇರಬಹುದಲ್ಲವೆ ಎಂಬ ಪ್ರಶ್ನೆ ಎದ್ದಿತು. ತಿದ್ದುವಾಗ ಆದ ತುಂಡಿಗೂ ಆರಂಭದಲ್ಲಿಯೇ ಹುಟ್ಟಿದ ತುಂಡಿಗೂ ವ್ಯತ್ಯಾಸವನ್ನು ತೋರಿಸಬಲ್ಲುದು ಒಂದೇ ಗುರುತು: ತಲೆಯಲ್ಲಿರುವ ಆರ್.ಎನ್.ಎ. ಆಸರೆ. ಹೊಸದಾಗಿ ಆರಂಭವಾದ ತುಂಡಿಗೆ ಮಾತ್ರ ಅದು ಇರಲು ಸಾಧ್ಯ. ಆದರೆ ಆ ಆಸರೆ ಹುಟ್ಟಿದೊಡನೆ ಮಾಯವಾಗುವಂಥದು. ತ್ಸುನೆಕೊ ಅವರು ತಮ್ಮ ತಂಡದೊಡನೆ ವರ್ಷಗಟ್ಟಲೆ ದುಡಿದು, ಟಿ4, ಟಿ7 ಮೊದಲಾದ ವೈರಸ್ಸುಗಳಲ್ಲಿ ಆ ಆಸರೆಯನ್ನು ಹಿಡಿದು, ಅದರ ಉದ್ದವನ್ನೂ ಅದರಲ್ಲಿರುವ ಘಟಕಗಳ ಕ್ರಮವನ್ನೂ ಅರಿತರು. ಅದು ಕೇವಲ ನಾಲ್ಕೈದು ಘಟಕಗಳಷ್ಟು ಉದ್ದ. ಪತಿಯೊಡನೆ ಆರಂಭಿಸಿದ ಕೆಲಸ ಹೀಗೆ ಭದ್ರವಾಯಿತು.

1983ರಲ್ಲಿ ಅವರು ನಗೋಯಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಮುಂದೆ ಅವರ ಸಂಶೋಧನೆ ಮನುಷ್ಯನ ವರ್ಣತಂತುಗಳ ಕಡೆಗೆ ಹೊರಳಿತು. ಕೋಶ ಇಬ್ಭಾಗವಾಗುವಾಗ ವರ್ಣತಂತುಗಳು ಸರಿಯಾಗಿ ಹಂಚಿಹೋಗಲು ನೆರವಾಗುವ ಸೆಂಟ್ರೊಮಿಯರ್ ಎಂಬ ಭಾಗವನ್ನು ಕುರಿತು ಅವರ ತಂಡ ಮಹತ್ವದ ಕೆಲಸ ಮಾಡಿತು. 2000ದಲ್ಲಿ ಅವರಿಗೆ ವಿಜ್ಞಾನದಲ್ಲಿ ಸಾಧನೆ ಮಾಡಿದ ಮಹಿಳೆಯರಿಗೆ ಸಲ್ಲುವ ಲೋರಿಯಲ್–ಯುನೆಸ್ಕೊ ಪ್ರಶಸ್ತಿಯೂ, 2021ರಲ್ಲಿ ಜಪಾನ್ ಸರ್ಕಾರದ ‘ಆರ್ಡರ್ ಆಫ್ ಕಲ್ಚರ್’ ಎಂಬ ಉನ್ನತ ಗೌರವವೂ ದೊರೆತವು.

ಒಕಾಜಾಕಿ ತುಂಡುಗಳು ಬ್ಯಾಕ್ಟೀರಿಯಾಕ್ಕೆ ಮಾತ್ರ ಸೀಮಿತವಲ್ಲ. ಗಿಡಮರಗಳಲ್ಲಿ, ಪ್ರಾಣಿಗಳಲ್ಲಿ, ಮನುಷ್ಯನಲ್ಲಿ ಎಲ್ಲೆಡೆಯೂ ಇದೇ ವಿಧಾನ ನಡೆಯುತ್ತಿದೆ. ಮನುಷ್ಯನ ತುಂಡುಗಳು ಇನ್ನೂ ಗಿಡ್ಡ. ಒಂದೊಂದರ ಉದ್ದ 100ರಿಂದ 200 ಘಟಕಗಳಷ್ಟು. ತಾಯಿತಂದೆಗಳಿಬ್ಬರಿಂದಲೂ ಬಂದ ಒಟ್ಟು ಸುಮಾರು 600 ಕೋಟಿ ಜೊತೆ ಘಟಕಗಳು ಮನುಷ್ಯನ ಒಂದು ಜೀವಕೋಶದಲ್ಲಿವೆ. ಆ ಕೋಶವೊಂದು ಎರಡಾಗಬೇಕಾದರೆ ಕೋಟಿಗಟ್ಟಲೆ ತುಂಡುಗಳು ಹುಟ್ಟಬೇಕು; ಕೋಟಿಗಟ್ಟಲೆ ಬೆಸುಗೆಗಳು ಬೀಳಬೇಕು. ಗಾಯ ಮಾಯುವಾಗ, ಮಗು ಬೆಳೆಯುವಾಗ, ಹಳೆಯ ರಕ್ತಕಣಗಳ ಸ್ಥಾನದಲ್ಲಿ ಹೊಸವು ಹುಟ್ಟುವಾಗ ಈ ಕಾರ್ಯ ಸದ್ದಿಲ್ಲದೆ ನಡೆಯುತ್ತಲೇ ಇರುತ್ತದೆ.

ಬೆಸುಗೆಯ ಈ ವಿದ್ಯೆ ನಕಲು ತೆಗೆಯುವುದಕ್ಕಷ್ಟೇ ಮೀಸಲಲ್ಲ. ಬೀಜಾಣು, ಅಂಡಾಣುಗಳು ರೂಪುಗೊಳ್ಳುವಾಗ ತಂದೆಯಿಂದ ಬಂದ ವರ್ಣತಂತುವೂ ತಾಯಿಯಿಂದ ಬಂದ ವರ್ಣತಂತುವೂ ತಮ್ಮ ಭಾಗಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಇದಕ್ಕೆ ಆನುವಂಶಿಕ ಪುನಃಸಂಯೋಜನೆ ಎಂದು ಹೆಸರು. ಒಂದೇ ತಾಯಿಯ ಮಕ್ಕಳು ಒಬ್ಬರನ್ನೊಬ್ಬರು ಪೂರ್ತಿಯಾಗಿ ಹೋಲದಿರಲು ಇದೂ ಒಂದು ಕಾರಣ. ಅಲ್ಲಿಯೂ ಎಳೆಗಳು ಕಡಿದು ಮತ್ತೆ ಬೆಸೆದುಕೊಳ್ಳಬೇಕು. ವಿಕಿರಣದಿಂದಲೋ ರಾಸಾಯನಿಕಗಳಿಂದಲೋ ತುಂಡಾದ ಡಿ.ಎನ್.ಎ.ಯನ್ನು ಕೋಶವು ದುರಸ್ತಿ ಮಾಡುವಾಗಲೂ ಅಷ್ಟೇ. ಈ ಬೆಸುಗೆಯನ್ನು ಮನುಷ್ಯನೂ ಕಲಿತಿದ್ದಾನೆ. ಮನುಷ್ಯನ ಇನ್ಸುಲಿನ್ ತಯಾರಿಸುವ ವಂಶವಾಹಿಯನ್ನು ಲೈಗೇಸಿನ ನೆರವಿನಿಂದ ಬ್ಯಾಕ್ಟೀರಿಯಾದ ಡಿ.ಎನ್.ಎ.ಗೆ ಬೆಸೆದು, ಹಾಗೆ ತಯಾರಾದ ಇನ್ಸುಲಿನ್ನನ್ನು 1982ರಿಂದ ಸಕ್ಕರೆಕಾಯಿಲೆಯ ರೋಗಿಗಳಿಗೆ ಔಷಧವಾಗಿ ಕೊಡಲಾಗುತ್ತಿದೆ. ತುಂಡುಗಳು ಹೇಗೆ ಬೆಸೆಯುತ್ತವೆಂದು ಕುತೂಹಲದಿಂದ ಕೇಳಿದವರು ಔಷಧವನ್ನು ಹುಡುಕಿ ಹೊರಟವರಲ್ಲ. ಆದರೆ ಶುದ್ಧವಾದ ಜಿಜ್ಞಾಸೆಯಿಂದ ದೊರೆತ ಅರಿವು ಒಂದಲ್ಲ ಒಂದು ದಿನ ಲೋಕದ ಹಿತಕ್ಕೆ ಒದಗುತ್ತದೆ.

ಈ ದಂಪತಿಗಳ ಬಳಿ ಅಪಾರವಾದ ಧನವಾಗಲಿ ದೊಡ್ಡ ಯಂತ್ರಗಳಾಗಲಿ ಇರಲಿಲ್ಲ. ಎರಡು ಸತ್ಯಗಳು ಒಂದಕ್ಕೊಂದು ವಿರುದ್ಧವಾಗಿ ಕಂಡಾಗ ಒಂದನ್ನು ಸುಳ್ಳೆಂದು ತಳ್ಳಿಹಾಕದೆ, ಎರಡಕ್ಕೂ ಎಡೆಯಿರುವ ಮೂರನೆಯ ಸತ್ಯವನ್ನು ಹುಡುಕುವ ತಾಳ್ಮೆ ಅವರಲ್ಲಿತ್ತು. ಸಂಶಯಪಟ್ಟವರನ್ನು ದೂರದೆ, ಅವರ ಸಂಶಯವನ್ನೇ ಮುಂದಿನ ಪ್ರಯೋಗಕ್ಕೆ ಮೆಟ್ಟಿಲಾಗಿಸಿಕೊಳ್ಳುವ ವಿನಯವೂ ಇತ್ತು. ಉದ್ದಕ್ಕೂ ಅಖಂಡವೆಂದು ತೋರುವ ಜೀವತಂತು ನಿಜವಾಗಿ ಲೆಕ್ಕವಿಲ್ಲದ ಸಣ್ಣ ತುಂಡುಗಳ ಬೆಸುಗೆ ಎಂಬುದನ್ನು ಅವರು ತೋರಿಸಿಕೊಟ್ಟರು. ಅವರ ಸಾಧನೆಯೂ ಹಾಗೆಯೇ ದಿನದಿನದ ಸಣ್ಣ ಕೆಲಸಗಳಿಂದ ಕೂಡಿಬಂದದ್ದು. ಒಬ್ಬರು ನಡುದಾರಿಯಲ್ಲಿ ನಿಂತಾಗ ಇನ್ನೊಬ್ಬರು ಅಲ್ಲಿಂದಲೇ ಎಳೆಯನ್ನು ಮುಂದುವರಿಸಿದರು.